ಮೂಕ ತೆರೆಯ ಮೇಲೊಬ್ಬ ಗಾಯಕಿ

ಹಾಡುಗಾರ್ತಿಯೊಬ್ಬಳು ತನ್ನ ಕಂಠವನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬಂದರೆ ಆಕೆಯಲ್ಲಿ ಉಳಿಯುವುದೇನು? ಮಾತಿಗೆ ಇದೊಂದು ಒಗಟಿನಂತೆ ಕೇಳಿಸಬಹುದು. ಆದರೆ 1915ರ ಬೇಸಗೆಯಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಹಣ ಹೂಡಿದವರೂ ಕ್ಯಾಮರಾ ಹಿಡಿದವರೂ ಆತಂಕದಿಂದ ಉತ್ತರ ಕಾದಿದ್ದ ಪ್ರಶ್ನೆ ಇದು. ಆ ಕಾಲದ ಚಲಚ್ಚಿತ್ರಕ್ಕೆ ಬಾಯಿರಲಿಲ್ಲ. ಅಂಥ ಚಿತ್ರದಲ್ಲಿ ನಟಿಸಲು ನ್ಯೂಯಾರ್ಕಿನಿಂದ ಬಂದಿಳಿದಾಕೆ ಆ ದೇಶದ ಅತ್ಯಂತ ಜನಪ್ರಿಯ ಆಪೆರಾ ಗಾಯಕಿಯರಲ್ಲಿ ಒಬ್ಬಳು: ಜೆರಾಲ್ಡೀನ್ ಫರಾರ್. ಜನ ದುಬಾರಿ ಟಿಕೆಟು ಕೊಂಡು ಕೇಳಲು ಹೋಗುತ್ತಿದ್ದುದು ಆಕೆಯ ದನಿಯನ್ನು; ತೆರೆಯ ಮೇಲೆ ಇಲ್ಲದಿದ್ದುದೂ ಅದೇ. ಆದರೂ ಆಕೆ ಗೆದ್ದಳು. ಆ ಗೆಲುವಿನ ಕಾರಣವನ್ನೂ ಅದರ ಮಿತಿಯನ್ನೂ ವಿಚಾರಿಸುವುದು ಈ ಭಾಷಣದ ಉದ್ದೇಶ.

ಮೊದಲು ಆಪೆರಾ ಎಂದರೇನೆಂದು ಒಂದು ಮಾತು. ನಮ್ಮ ಕಂಪನಿ ನಾಟಕಗಳ ರಂಗಗೀತೆಗಳನ್ನು ಕೇಳಿದವರಿಗೆ ಹಾಡೂ ಅಭಿನಯವೂ ಒಂದೇ ರಂಗದ ಮೇಲೆ ಕೈಹಿಡಿದು ನಡೆಯುವುದು ಹೊಸತೇನಲ್ಲ. ಆದರೆ ಅಲ್ಲಿ ಮಾತಿನ ನಡುವೆ ಹಾಡು ಬರುತ್ತದೆ. ಆಪೆರಾದಲ್ಲಿ ಬಹುಮಟ್ಟಿಗೆ ಮಾತೇ ಹಾಡಾಗಿರುತ್ತದೆ. ರಂಗದ ಮುಂದಿನ ತಗ್ಗಿನಲ್ಲಿ ಕುಳಿತ ದೊಡ್ಡ ವಾದ್ಯವೃಂದದ ಮೇಲೆ, ಧ್ವನಿವರ್ಧಕದ ಹಂಗಿಲ್ಲದೆ, ಸಾವಿರಾರು ಜನರಿಗೆ ಕೇಳುವಂತೆ ಹಾಡಬೇಕು. ಈ ಶ್ರಮದ ಮುಂದೆ ಎಷ್ಟೋ ಗಾಯಕರಿಗೆ ಅಭಿನಯ ಎರಡನೆಯ ಮಾತಾಗಿಬಿಡುತ್ತಿತ್ತು. ಕೈಯೊಂದನ್ನು ಎದೆಯ ಮೇಲಿಟ್ಟು, ಇನ್ನೊಂದನ್ನು ಗಾಳಿಯಲ್ಲಿ ಚಾಚಿ, ನಿಂತಲ್ಲೇ ನಿಂತು ಹಾಡಿ ಮುಗಿಸುವವರೇ ಹೆಚ್ಚು. ನಮ್ಮ ನಾಟ್ಯಶಾಸ್ತ್ರ ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆಯಷ್ಟೆ. ಆ ವಿಂಗಡಣೆಯಲ್ಲಿ ಹೇಳುವುದಾದರೆ, ಅಂದಿನ ಆಪೆರಾ ವಾಚಿಕದ ಸಾಮ್ರಾಜ್ಯ. ಮೂಕಚಿತ್ರವಾದರೋ ವಾಚಿಕಕ್ಕೆ ಬಹಿಷ್ಕಾರ ಹಾಕಿದ ಕಲೆ. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದವರ ಬುತ್ತಿಯಲ್ಲಿ ಉಳಿದ ಮೂರೂ ಇರಲೇಬೇಕು.

ಫರಾರ್ ಹುಟ್ಟಿದ್ದು 1882ರ ಫೆಬ್ರವರಿ 28ರಂದು, ಮ್ಯಾಸಚೂಸೆಟ್ಸ್ ರಾಜ್ಯದ ಮೆಲ್ರೋಸ್ ಎಂಬ ಊರಿನಲ್ಲಿ. ಅದು ಬಾಸ್ಟನ್ನಿಗೆ ಸಮೀಪ. ತಂದೆ ಸಿಡ್ನಿ ಫರಾರ್ ಫಿಲಡೆಲ್ಫಿಯಾ ತಂಡದ ಬೇಸ್‌ಬಾಲ್ ಆಟಗಾರ. ತಾಯಿ ಹೆನ್ರಿಯೆಟಾ ಸಂಗೀತಾಸಕ್ತೆ. ಅಮೆರಿಕದ ಹುಡುಗಿಯೊಬ್ಬಳು ಆಪೆರಾ ಗಾಯಕಿಯಾಗಬೇಕಾದರೆ ಯೂರೋಪಿನ ಮುದ್ರೆ ಬಿದ್ದಿರಬೇಕೆಂಬುದು ಆ ಕಾಲದ ನಂಬಿಕೆ. ತಂದೆತಾಯಿಯರು ಸಾಲ ಮಾಡಿ ಮಗಳೊಡನೆ ಸಮುದ್ರ ದಾಟಿದರು. ಪ್ಯಾರಿಸ್ಸಿನಲ್ಲಿ ಕೆಲಕಾಲ ಕಲಿತ ಮೇಲೆ ಆಕೆ ಬರ್ಲಿನ್ನಿಗೆ ಹೋದಳು. 1901ರ ಅಕ್ಟೋಬರ್ 15ರಂದು, ಹತ್ತೊಂಬತ್ತರ ಹರೆಯದಲ್ಲಿ, ಅಲ್ಲಿನ ರಾಜ ಆಪೆರಾದಲ್ಲಿ ಗೂನೋನ ‘ಫೌಸ್ಟ್’ ಕೃತಿಯ ಮಾರ್ಗರೀತಳಾಗಿ ಮೊದಲ ಬಾರಿಗೆ ರಂಗವೇರಿದಳು. ಜರ್ಮನಿಯ ಯುವರಾಜ ಆಕೆಯ ಅಭಿಮಾನಿಯಾದ. ಆ ಸ್ನೇಹದ ಸುತ್ತ ಪತ್ರಿಕೆಗಳು ಹೆಣೆದ ಕಥೆಗಳು ಆಕೆಯನ್ನು ಬಹುಕಾಲ ಬೆನ್ನಟ್ಟಿದವು.

ಬರ್ಲಿನ್ನಿನಲ್ಲಿ ಆಕೆಗೆ ದೊರೆತ ನಿಜವಾದ ಸಂಪತ್ತೆಂದರೆ ಲಿಲ್ಲಿ ಲೇಮನ್ ಎಂಬ ಗುರು. ವಾಗ್ನರನ ಕೃತಿಗಳನ್ನೂ ಮೊಟ್ಸಾರ್ಟನ ಕೃತಿಗಳನ್ನೂ ಸಮಾನ ಅಧಿಕಾರದಿಂದ ಹಾಡಬಲ್ಲವಳಾಗಿದ್ದ ಲೇಮನ್ ಶಿಸ್ತಿನಲ್ಲಿ ಬಲು ಕಟ್ಟುನಿಟ್ಟಿನ ಹೆಂಗಸು. ಶಿಷ್ಯೆ ಹಾಡುವಾಗ ಕೈಯಾಡಿಸುವುದು ವಿಪರೀತವಾಗಿದ್ದುದನ್ನು ಕಂಡು, ಆಕೆಯ ಕೈಗಳನ್ನು ಬೆನ್ನ ಹಿಂದೆ ಕಟ್ಟಿಸಿ ಹಾಡಿಸುತ್ತಿದ್ದಳೆಂಬ ಮಾತು ಪ್ರಸಿದ್ಧವಾಗಿದೆ. ಕೈ ಕಟ್ಟಿದ ಮೇಲೆ ಭಾವಕ್ಕೆ ಹೊರಬರಲು ಉಳಿದ ದಾರಿ ಮುಖವೊಂದೇ: ಕಣ್ಣು, ಹುಬ್ಬು, ತುಟಿ, ಕತ್ತಿನ ಬಾಗು. ಎಷ್ಟೋ ವರ್ಷಗಳ ಅನಂತರ ಕ್ಯಾಮರಾದ ಮುಂದೆ ನಿಂತಾಗ ಈ ಪಾಠ ಎಷ್ಟು ಉಪಯೋಗಕ್ಕೆ ಬಂದೀತೆಂದು ಗುರುವಿಗಾಗಲಿ ಶಿಷ್ಯೆಗಾಗಲಿ ಆಗ ಹೊಳೆದಿರಲಾರದು.

1906ರ ನವೆಂಬರ್ 26ರಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಆಪೆರಾದ ಋತು ಆರಂಭವಾದದ್ದೇ ಫರಾರಳ ಜೂಲಿಯೆಟ್ ಪಾತ್ರದಿಂದ. ಮರುವರ್ಷದ ಫೆಬ್ರವರಿ 11ರಂದು ಆ ರಂಗಮಂದಿರದಲ್ಲಿ ಪುಚ್ಚೀನಿಯ ‘ಮದಾಮ ಬಟರ್‌ಫ್ಲೈ’ ಮೊದಲ ಬಾರಿಗೆ ನಡೆಯಿತು. ಜಪಾನೀ ಹುಡುಗಿ ಚೋ ಚೋ ಸಾನ್ ಆಗಿ ಫರಾರ್, ಆಕೆಯನ್ನು ಮದುವೆಯಾಗಿ ತೊರೆಯುವ ಅಮೆರಿಕನ್ ನೌಕಾಧಿಕಾರಿಯಾಗಿ ಎನ್ರಿಕೊ ಕರೂಸೋ. ಆ ಪಾತ್ರಕ್ಕಾಗಿ ಆಕೆ ಜಪಾನೀ ನಟಿಯೊಬ್ಬಳ ಬಳಿ ಕುಳಿತು ನಡಿಗೆ, ಕೂರುವ ರೀತಿ, ಬೀಸಣಿಗೆ ಹಿಡಿಯುವ ಬಗೆಗಳನ್ನು ಅಭ್ಯಾಸ ಮಾಡಿದಳು. ಪ್ರೇಕ್ಷಕರು ಮನಸೋತರು. ಸಭೆಯಲ್ಲಿದ್ದ ಪುಚ್ಚೀನಿಗೆ ಮಾತ್ರ ಅಷ್ಟು ಸಮಾಧಾನವಾಗಲಿಲ್ಲ. ದನಿಯನ್ನು ಬಲವಂತದಿಂದ ಹೊರಡಿಸುತ್ತಾಳೆ, ಶ್ರುತಿ ಜಾರುತ್ತದೆ ಎಂಬುದು ಆತನ ಆಕ್ಷೇಪ. ಈ ಆಕ್ಷೇಪವನ್ನು ನಾವು ಮರೆಯಬಾರದು. ಫರಾರಳ ಕಂಠ ಸುಂದರವಾದದ್ದು, ಆದರೆ ಆಕೆಯ ಕಾಲದ ಅತ್ಯಂತ ಪರಿಪೂರ್ಣ ಕಂಠವೇನೂ ಆಗಿರಲಿಲ್ಲ. ಸ್ವರದ ಸೊಗಸಿಗೂ ಭಾವದ ಸತ್ಯಕ್ಕೂ ಜಗಳ ಬಂದಲ್ಲಿ ಆಕೆ ನಿಲ್ಲುತ್ತಿದ್ದುದು ಭಾವದ ಪಕ್ಷದಲ್ಲಿ. ಅದಕ್ಕೆ ಕಂಠ ತೆರಬೇಕಾದ ಬೆಲೆಯನ್ನೂ ತೆತ್ತಿತು.

ಆದರೂ ಜನ ಆಕೆಯನ್ನು ಮೆರೆಸಿದರು. ‘ಗೆರ್ರಿ ಫ್ಲಾಪರ್ಸ್’ ಎಂದು ಹೆಸರಾದ ಹದಿಹರೆಯದ ಹುಡುಗಿಯರ ದಂಡೇ ಆಕೆಯ ಹಿಂದಿತ್ತು. ಸಿನಿಮಾ ತಾರೆಯರಿಗೆ ಮುಂದೆ ದೊರೆತ ಆರಾಧನೆ ಆಪೆರಾ ಗಾಯಕಿಗೆ ಮೊದಲೇ ದೊರೆತಿತ್ತೆನ್ನಬಹುದು. 1910ರ ಡಿಸೆಂಬರಿನಲ್ಲಿ ಹುಂಪರ್ಡಿಂಕನ ‘ರಾಜಕುವರರು’ ಎಂಬ ಕೃತಿ ಅಲ್ಲಿ ಮೊದಲ ಪ್ರದರ್ಶನ ಕಂಡಾಗ, ಬಾತುಕೋಳಿ ಮೇಯಿಸುವ ಹುಡುಗಿಯ ಪಾತ್ರದಲ್ಲಿ ಆಕೆ ರಂಗದ ಮೇಲೆ ಜೀವಂತ ಬಾತುಗಳನ್ನೇ ತಂದು ನಡೆಸಿದಳು. ತಾನು ತಾರೆಯೆಂಬ ಅರಿವು ಆಕೆಗೆ ಧಾರಾಳವಾಗಿಯೇ ಇತ್ತು. ವಾದ್ಯವೃಂದದ ನಿರ್ದೇಶಕ ತೊಸ್ಕಾನೀನಿ ತನ್ನನ್ನು ಅನುಸರಿಸಬೇಕೆಂದು ಆಕೆ ಹಠ ಹಿಡಿದಾಗ, ತಾರೆಗಳಿರುವುದು ಆಕಾಶದಲ್ಲಿ ಮಾತ್ರ ಎಂಬರ್ಥದ ಉತ್ತರ ಆತನಿಂದ ಬಂತೆಂದು ಪ್ರತೀತಿ. ಮುಂದೆ ಇಬ್ಬರೂ ಪರಸ್ಪರ ಒಲಿದದ್ದೂ, ಆ ಒಲವು ನೋವಿನಲ್ಲಿ ಕೊನೆಗೊಂಡದ್ದೂ ಇತಿಹಾಸ. 1914ರ ನವೆಂಬರ್ 19ರಂದು ಅದೇ ತೊಸ್ಕಾನೀನಿಯ ನಿರ್ದೇಶನದಲ್ಲಿ, ಕರೂಸೋನ ಜೊತೆಯಲ್ಲಿ, ಮೆಟ್ರೋಪಾಲಿಟನ್ನಿನಲ್ಲಿ ಆಕೆ ಬಿಜೆಯ ‘ಕಾರ್ಮೆನ್’ ಹಾಡಿದಳು. ಚಂಚಲೆಯಾದ ಜಿಪ್ಸಿ ಹೆಣ್ಣಿನ ಆ ಪಾತ್ರ ಆಕೆಯ ಹೆಸರಿನೊಡನೆ ಬೆಸೆದುಹೋಯಿತು.

ಆ ವೇಳೆಗೆ ಯೂರೋಪಿನಲ್ಲಿ ಮಹಾಯುದ್ಧ ಹೊತ್ತಿಕೊಂಡಿತ್ತು. ಬೇಸಗೆಯಲ್ಲಿ ನ್ಯೂಯಾರ್ಕಿನ ಆಪೆರಾ ಬಾಗಿಲು ಮುಚ್ಚಿರುತ್ತದೆ; ಎಂದಿನಂತೆ ಯೂರೋಪಿಗೆ ಹೋಗುವ ದಾರಿಯೂ ಈಗ ಮುಚ್ಚಿತು. ಇಂಥ ಸಮಯದಲ್ಲಿ ಜೆಸ್ಸಿ ಲಾಸ್ಕಿಯ ಚಿತ್ರಸಂಸ್ಥೆಯಿಂದ ಕರೆ ಬಂತು. ಚಲಚ್ಚಿತ್ರಕ್ಕೆ ಆಗಿನ್ನೂ ಸಂತೆಯ ವಾಸನೆ ಹೋಗಿರಲಿಲ್ಲ. ಕೆಲವೇ ಕಾಸಿಗೆ ದೊರಕುವ ಕೂಲಿಕಾರರ ವಿನೋದವೆಂದು ದೊಡ್ಡ ಮನೆಗಳವರು ಅದನ್ನು ಕಡೆಗಣಿಸುತ್ತಿದ್ದರು. ಅದಕ್ಕೆ ಬೇಕಾಗಿದ್ದುದು ಮರ್ಯಾದೆ. ಆಪೆರಾದ ಒಬ್ಬ ರಾಣಿ ತೆರೆಯ ಮೇಲೆ ಕಾಣಿಸಿಕೊಂಡರೆ ಆ ಮರ್ಯಾದೆ ತಾನಾಗಿಯೇ ಹಿಂಬಾಲಿಸೀತೆಂಬ ಎಣಿಕೆ ನಿರ್ಮಾಪಕರದು. ಫರಾರಳಿಗೋ ಸಾಹಸವೆಂದರೆ ಪ್ರೀತಿ. ಹಿತೈಷಿಗಳ ಎಚ್ಚರಿಕೆಗಳನ್ನು ಬದಿಗಿಟ್ಟು ರೈಲು ಹತ್ತಿದಳು.

ನಿರ್ದೇಶಕ ಸೆಸಿಲ್ ಡಿ ಮಿಲ್ ಜಾಣ. ಎಲ್ಲರೂ ಕಾದಿದ್ದ ‘ಕಾರ್ಮೆನ್’ ಚಿತ್ರವನ್ನು ಆತ ಮೊದಲು ತೆಗೆಯಲಿಲ್ಲ. ‘ಮರಿಯಾ ರೋಸಾ’ ಎಂಬ ಬೇರೊಂದು ಕಥೆಯನ್ನು ಮೊದಲು ಚಿತ್ರಿಸಿ, ಆ ನೆಪದಲ್ಲಿ ಗಾಯಕಿಗೆ ಕ್ಯಾಮರಾದ ಪರಿಚಯ ಮಾಡಿಸಿದ. ರಂಗದ ಮೇಲೆ ಕೊನೆಯ ಸಾಲಿನವನಿಗೂ ಕಾಣಬೇಕಾದ ಚಲನೆ ಬೇರೆ. ಮಾರು ದೂರದಲ್ಲಿ ನಿಂತ ಯಂತ್ರದ ಕಣ್ಣಿಗೆ ಸಾಕಾಗುವ ಚಲನೆ ಬೇರೆ. ಈ ವ್ಯತ್ಯಾಸ ಕೈಗೆ ಹತ್ತಿದ ಮೇಲೆ ‘ಕಾರ್ಮೆನ್’ ಆರಂಭವಾಯಿತು. ಬಿಡುಗಡೆಯಲ್ಲಿ ಮಾತ್ರ ಅದು ಮುಂದಾಯಿತು. ಇನ್ನೊಂದು ತೊಡಕಿತ್ತು. ಆಪೆರಾದ ಸಾಹಿತ್ಯಕ್ಕೆ ಹಕ್ಕುಸ್ವಾಮ್ಯದ ಬೇಲಿ ಇದ್ದುದರಿಂದ, ಡಿ ಮಿಲ್‌ನ ಅಣ್ಣ ವಿಲಿಯಂ ಮೆರಿಮೆಯ ಮೂಲ ಕಾದಂಬರಿಕೆಗೇ ಹೋಗಿ ಚಿತ್ರಕಥೆ ಹೆಣೆದ. ಇದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಹಾಡಿಲ್ಲದ ಚಿತ್ರ ಹಾಡಿಗಾಗಿ ಕಟ್ಟಿದ ಕಥೆಯನ್ನು ಹೊತ್ತು ತಿರುಗಬೇಕಾಗಲಿಲ್ಲ. ಚುಟ್ಟದ ಕಾರ್ಖಾನೆಯಲ್ಲಿ ಕಾರ್ಮೆನ್ ಮತ್ತೊಬ್ಬ ಹೆಣ್ಣಿನ ಮೇಲೆ ಬೀಳುವ ಜಗಳದ ದೃಶ್ಯದಲ್ಲಿ ಫರಾರ್ ಕೂದಲು ಕೆದರಿ, ರವಿಕೆ ಹರಿದು, ನಿಜವಾಗಿಯೇ ಹೊಡೆದಾಡಿದಂತೆ ಕಾಣುತ್ತದೆ. ಮೆಟ್ರೋಪಾಲಿಟನ್ನಿನ ಹಿರಿಯರು ಇದನ್ನು ಕಂಡು ಏನೆಂದುಕೊಂಡರೋ!

1915ರ ಅಕ್ಟೋಬರ್ 1ರಂದು ಬಾಸ್ಟನ್ನಿನ ಸಿಂಫನಿ ಹಾಲ್‌ನಲ್ಲಿ, ಎಂದರೆ ಆಕೆಯ ಹುಟ್ಟೂರಿನ ನೆರೆಯ ನಗರದಲ್ಲಿ, ಶಾಸ್ತ್ರೀಯ ಸಂಗೀತಕ್ಕೆ ಮೀಸಲಾದ ಸಭಾಂಗಣದಲ್ಲಿ, ಚಿತ್ರದ ಮೊದಲ ಪ್ರದರ್ಶನ ನಡೆಯಿತು. ತೆರೆಯ ಮುಂದೆ ವಾದ್ಯವೃಂದ ಬಿಜೆಯ ಸಂಗೀತವನ್ನು ನುಡಿಸುತ್ತಿತ್ತು. ತೆರೆಯ ಮೇಲೆ ಫರಾರಳ ತುಟಿ ಮೌನವಾಗಿ ಚಲಿಸುತ್ತಿತ್ತು. ಜನ ಮೆಚ್ಚಿದರು, ಪತ್ರಿಕೆಗಳು ಹೊಗಳಿದವು. ಅದೇ ಕಾಲಕ್ಕೆ ಥೀಡಾ ಬಾರಾ ನಟಿಸಿದ ಇನ್ನೊಂದು ‘ಕಾರ್ಮೆನ್’ ಸ್ಪರ್ಧೆಗಿಳಿಯಿತು. ಚಾರ್ಲಿ ಚಾಪ್ಲಿನ್ ಇದೇ ಕಥೆಯ ಅಣಕವೊಂದನ್ನು ತೆಗೆದ. ಅಣಕ ಹುಟ್ಟಬೇಕಾದರೆ ಮೂಲ ಎಲ್ಲರ ಬಾಯಲ್ಲೂ ಇರಬೇಕು. ಕೀರ್ತಿಗೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ.

ಸಿನಿಮಾ ಆಕೆಯಿಂದ ಪಡೆದುಕೊಂಡದ್ದಷ್ಟೇ ಅಲ್ಲ, ಆಕೆಗೆ ಏನನ್ನೋ ಕೊಟ್ಟೂ ಕಳುಹಿಸಿತು. 1916ರ ಫೆಬ್ರವರಿಯಲ್ಲಿ ಮೆಟ್ರೋಪಾಲಿಟನ್ನಿಗೆ ಮರಳಿ ಕಾರ್ಮೆನ್ ಹಾಡಿದಾಗ ಹಾಲಿವುಡ್ಡಿನ ಕಾವು ಇನ್ನೂ ಇಳಿದಿರಲಿಲ್ಲ. ಕಾರ್ಖಾನೆಯ ದೃಶ್ಯದಲ್ಲಿ ಮೇಳದ ಹುಡುಗಿಯೊಬ್ಬಳನ್ನು ಹಿಡಿದು ಅಲುಗಾಡಿಸಿದಳು. ಕರೂಸೋನ ಕೆನ್ನೆಗೂ ಏಟು ಬಿತ್ತು. ಇದು ಆಪೆರಾ, ಸಿನಿಮಾ ಅಲ್ಲವೆಂದು ಆತ ಸಿಡಿಮಿಡಿಗೊಂಡ. ಪತ್ರಿಕೆಗಳಿಗೆ ಹಬ್ಬವಾಯಿತು. ಕೆಲವೇ ದಿನಗಳಲ್ಲಿ ಇಬ್ಬರೂ ರಾಜಿಯಾಗಿ ಮತ್ತೆ ಜೊತೆಯಾಗಿ ಹಾಡಿದರೆನ್ನಿ. ಆದರೆ ಈ ಸಣ್ಣ ರಂಪದ ಹಿಂದೆ ದೊಡ್ಡ ಪ್ರಶ್ನೆಯಿತ್ತು: ರಂಗದ ಮೇಲಿನ ಸತ್ಯ ಎಷ್ಟು ದೂರ ಹೋಗಬಹುದು? ಹಾಡುವವನ ಉಸಿರಿಗೆ ಭಂಗ ತರುವಷ್ಟು ಹೋಗಬಹುದೆ? ಕರೂಸೋನ ಕೋಪ ಕೇವಲ ಅಹಂಕಾರದ ಕೋಪವಲ್ಲ. ಅದು ತನ್ನ ಕಲೆಯ ಧರ್ಮವನ್ನು ಕಾಯುವವನ ಕೋಪವೂ ಹೌದು.

ಆಕೆಯ ಚಿತ್ರಗಳಲ್ಲಿ ಅತ್ಯಂತ ದೊಡ್ಡದು 1916ರ ಕೊನೆಯಲ್ಲಿ ತೆರೆಕಂಡ ‘ಜೋನ್ ದಿ ವುಮನ್’. ಫ್ರಾನ್ಸಿನ ವೀರಕನ್ಯೆ ಜೋನಳ ಕಥೆಯನ್ನು ಡಿ ಮಿಲ್ ಅಂದಿನ ಯುದ್ಧಕ್ಕೆ ಹೊಂದಿಸಿದ. ಕಂದಕದಲ್ಲಿ ಕುಳಿತ ಇಂಗ್ಲಿಷ್ ಸೈನಿಕನೊಬ್ಬನಿಗೆ ಹಳೆಯ ಖಡ್ಗವೊಂದು ಸಿಗುತ್ತದೆ. ಹಿಂದಿನ ಜನ್ಮದಲ್ಲಿ ಜೋನಳಿಗೆ ದ್ರೋಹ ಬಗೆದವನು ತಾನೆಂದು ಕಾಣುತ್ತದೆ. ಈಗ ಫ್ರಾನ್ಸಿಗಾಗಿ ಪ್ರಾಣ ಕೊಟ್ಟು ಋಣ ತೀರಿಸುತ್ತಾನೆ. ಜನ್ಮಾಂತರದ ಈ ಹೆಣಿಗೆ ನಮಗೆ ವಿಚಿತ್ರವೆನಿಸುವುದಿಲ್ಲ. ಕೊನೆಯಲ್ಲಿ ಜೋನಳನ್ನು ಸುಡುವ ಬೆಂಕಿಗೆ ಹೊಸ ವಿಧಾನದಿಂದ ಬಣ್ಣ ತುಂಬಿದ್ದರು. ಬರ್ಲಿನ್ನಿನ ಯುವರಾಜನ ಸ್ನೇಹಿತೆಯೆಂದು, ಜರ್ಮನಿಯ ಪಕ್ಷಪಾತಿಯೆಂದು ಯುದ್ಧಕಾಲದಲ್ಲಿ ಶಂಕೆಗೊಳಗಾದಾಕೆ ಫ್ರಾನ್ಸಿನ ಆತ್ಮವೇ ಆದ ಪಾತ್ರದಲ್ಲಿ ಭಾರದ ಕವಚ ತೊಟ್ಟು ನಿಂತದ್ದು ವಿಧಿಯ ವಿನೋದ. ಹಳ್ಳಿಯ ಹುಡುಗಿಯೆನ್ನಲು ಆಕೆಯ ವಯಸ್ಸೂ ಮೈಕಟ್ಟೂ ಹೊಂದುವುದಿಲ್ಲವೆಂದು ಟೀಕಿಸಿದವರುಂಟು. ಆದರೆ ವಿಚಾರಣೆಯ ದೃಶ್ಯದಲ್ಲಿ ಆ ಮುಖದ ಮೇಲೆ ಹಾದುಹೋಗುವ ಭಯ ಮತ್ತು ಶ್ರದ್ಧೆಗಳನ್ನು ಕಂಡವರು ಆ ಟೀಕೆಯನ್ನು ಮರೆಯುತ್ತಾರೆ. ಸಾತ್ತ್ವಿಕ ಅಭಿನಯವೆಂದು ನಮ್ಮವರು ಕರೆದದ್ದು ಇದನ್ನೇ.

ಆಪೆರಾದಿಂದ ಸಿನಿಮಾಕ್ಕೆ ಬಂದವಳು ಈಕೆಯೊಬ್ಬಳೇ ಅಲ್ಲ. ಮೇರಿ ಗಾರ್ಡನ್ ಎಂಬ ಮಹಾಗಾಯಕಿ ರಂಗದಲ್ಲಿ ಗೆದ್ದಿದ್ದ ‘ತಾಯಿಸ್’ ಪಾತ್ರವನ್ನೇ 1917ರಲ್ಲಿ ತೆರೆಗೆ ತಂದು ಸೋತಳು. 1918ರಲ್ಲಿ ಕರೂಸೋ ‘ಮೈ ಕಸಿನ್’ ಎಂಬ ಚಿತ್ರದಲ್ಲಿ ಪ್ರಖ್ಯಾತ ಗಾಯಕನಾಗಿಯೂ ಬಡ ಶಿಲ್ಪಿಯಾಗಿಯೂ ದ್ವಿಪಾತ್ರ ವಹಿಸಿದ. ಆತ ಹಾಸ್ಯಪ್ರವೃತ್ತಿಯವನು, ಅಭಿನಯವೂ ಕಳಪೆಯಲ್ಲ. ಆದರೂ ಚಿತ್ರ ನೆಲಕಚ್ಚಿತು. ಆತನ ಎರಡನೆಯ ಚಿತ್ರವನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಕರೂಸೋನನ್ನು ಕಂಡೊಡನೆ ಜನ ದನಿಗಾಗಿ ಕಿವಿ ನಿಮಿರಿಸುತ್ತಿದ್ದರು. ಬಾಯಿ ತೆರೆದು ದನಿ ಬರದಾಗ ಏನೋ ಕಳೆದುಕೊಂಡಂತಾಗುತ್ತಿತ್ತು. ಫರಾರಳನ್ನು ಕಂಡಾಗ ಆ ಕೊರತೆ ಅಷ್ಟಾಗಿ ಕಾಡಲಿಲ್ಲ, ಏಕೆಂದರೆ ರಂಗದ ಮೇಲೂ ಜನ ಆಕೆಯನ್ನು ಕೇಳಿದಷ್ಟೇ ನೋಡಿಯೂ ಇದ್ದರು.

ಆದರೆ ಈ ಗೆಲುವು ಬಹುಕಾಲ ನಿಲ್ಲಲಿಲ್ಲ. 1916ರ ಫೆಬ್ರವರಿಯಲ್ಲಿ ಆಕೆ ಲೂ ಟೆಲ್ಲೆಗನ್ ಎಂಬ ಸುಂದರ ನಟನನ್ನು ಮದುವೆಯಾಗಿದ್ದಳು. ಸಾರಾ ಬರ್ನಾರ್ಡಳ ಜೊತೆ ನಟಿಸಿದ್ದ ಆತನಿಗೆ ನಿರ್ದೇಶಕನಾಗುವ ಹಂಬಲ. ಲಾಸ್ಕಿಯ ಸಂಸ್ಥೆಯಲ್ಲಿ ಅದಕ್ಕೆ ಆಸ್ಪದ ಕಡಿಮೆಯಾದಾಗ ಫರಾರಳ ಮನಸ್ಸೂ ಅಲ್ಲಿಂದ ಕದಲಿತು. ಡಿ ಮಿಲ್‌ನೊಡನೆ ಆರು ಚಿತ್ರಗಳಾದ ಮೇಲೆ ಆಕೆ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ನನ ಸಂಸ್ಥೆ ಸೇರಿದಳು. 1918ರಿಂದ 1920ರವರೆಗೆ ಅಲ್ಲಿ ಏಳು ಚಿತ್ರಗಳು. ಮಾಮೂಲು ಕಥೆಗಳು, ಮಾಮೂಲು ಪ್ರಣಯಗಳು. ಕೆಲವಕ್ಕೆ ಗಂಡನೇ ನಾಯಕ. ಪ್ರೇಕ್ಷಕರು ಇಳಿಮುಖವಾದರು. ಮುಂದೆ ಗೋಲ್ಡ್‌ವಿನ್ ತಾನೇ ಬರೆದ ನೆನಪುಗಳ ಪ್ರಕಾರ, ಈ ಸಂಗತಿಯನ್ನು ಆತ ಸಂಕೋಚದಿಂದ ತಿಳಿಸಿದಾಗ, ಇನ್ನೂ ಅವಧಿ ಉಳಿದಿದ್ದ ಕರಾರುಪತ್ರವನ್ನು ಹರಿದುಹಾಕೋಣವೆಂದು ಫರಾರಳೇ ಮುಂದಾದಳಂತೆ. ಕೈಗೆ ಬರಲಿದ್ದ ದೊಡ್ಡ ಮೊತ್ತವನ್ನು ಹೀಗೆ ಬಿಟ್ಟುಕೊಟ್ಟವರು ಆ ಉದ್ಯಮದಲ್ಲಿ ವಿರಳ. 1920ರಲ್ಲಿ ಬೇರೊಂದು ಸಂಸ್ಥೆಗೆ ಇನ್ನೊಂದು ಚಿತ್ರ ಮಾಡಿ ತೆರೆಗೆ ವಿದಾಯ ಹೇಳಿದಳು. ಹೀಗೆ ಒಟ್ಟು 14 ಕಥಾಚಿತ್ರಗಳು. ಮದುವೆಯೂ 1923ರಲ್ಲಿ ವಿಚ್ಛೇದನದಲ್ಲಿ ಮುಗಿಯಿತು.

ಗಾಯನದಿಂದಲೂ ಆಕೆ ನಿವೃತ್ತಳಾದ ರೀತಿ ನೆನೆಯತಕ್ಕದ್ದು. ನಲವತ್ತಕ್ಕೆ ರಂಗ ಬಿಡುತ್ತೇನೆಂದು ಹೇಳುತ್ತಿದ್ದವಳು ಹೇಳಿದಂತೆಯೇ 1922ರ ಏಪ್ರಿಲ್ 22ರಂದು, ಲಿಯೊನ್‌ಕವಾಲ್ಲೋನ ‘ಜಾಜಾ’ ಹಾಡಿ, ಮೆಟ್ರೋಪಾಲಿಟನ್ನಿನಿಂದ ಹೊರನಡೆದಳು. ಹದಿನಾರು ಋತುಗಳಲ್ಲಿ 29 ಪಾತ್ರಗಳು. ಆ ದಿನ ಬೀದಿಯಲ್ಲಿ ಜನ ಕಿಕ್ಕಿರಿದಿದ್ದರು. ಕಚೇರಿಗಳನ್ನು ಆಮೇಲೆಯೂ ಕೆಲಕಾಲ ನಡೆಸಿ, 1931ರಲ್ಲಿ ಅದನ್ನೂ ನಿಲ್ಲಿಸಿದಳು. ದನಿ ತನ್ನನ್ನು ಬಿಡುವ ಮುನ್ನ ತಾನೇ ದನಿಯನ್ನು ಬಿಡುವುದು ಎಲ್ಲ ಕಲಾವಿದರಿಗೂ ಸಾಧ್ಯವಾಗುವ ಮಾತಲ್ಲ.

1934ರಲ್ಲಿ ಆರಂಭವಾದ ಋತುವಿನಲ್ಲಿ ಆಕೆ ಮತ್ತೆ ಮೆಟ್ರೋಪಾಲಿಟನ್ನಿಗೆ ಬಂದಳು, ಬಾನುಲಿಯ ಮೂಲಕ. ಅಲ್ಲಿಂದ ಪ್ರಸಾರವಾಗುತ್ತಿದ್ದ ಆಪೆರಾಗಳ ವಿರಾಮದಲ್ಲಿ ಕೃತಿಯನ್ನು ವಿವರಿಸಿ ಮಾತಾಡುವುದು ಆಕೆಯ ಕೆಲಸ. ಪಕ್ಕದಲ್ಲಿ ಪಿಯಾನೋ; ಬೇಕಾದಾಗ ಒಂದೆರಡು ಸಾಲು ಗುನುಗಿ ತೋರಿಸುತ್ತಿದ್ದಳು. ತೆರೆಯ ಮೇಲೆ ದನಿಯಿಲ್ಲದ ಮುಖವಾಗಿದ್ದವಳು ಇಲ್ಲಿ ಮುಖವಿಲ್ಲದ ದನಿಯಾದಳು. 1938ರಲ್ಲಿ ತನ್ನ ಎರಡನೆಯ ಆತ್ಮಕಥೆಯನ್ನು ಪ್ರಕಟಿಸಿದಳು. ಅದರಲ್ಲಿ ಒಂದು ಅಧ್ಯಾಯ ತನ್ನ ಬಾಯಲ್ಲಿ, ಮತ್ತೊಂದು ಗತಿಸಿದ ತಾಯಿಯ ಬಾಯಲ್ಲಿ. ಅಲ್ಲಿಯೂ ಆಕೆ ಪಾತ್ರಧಾರಿಯೇ! ಕನೆಕ್ಟಿಕಟ್ ರಾಜ್ಯದ ರಿಜ್‌ಫೀಲ್ಡ್ ಎಂಬಲ್ಲಿ ನೆಮ್ಮದಿಯಾಗಿ ಬಾಳಿ, 1967ರ ಮಾರ್ಚ್ 11ರಂದು ಎಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡಳು.

ಇಂದು ನಮಗೆ ಉಳಿದಿರುವ ಫರಾರ್ ಯಾರು? ಗ್ರಾಮಫೋನ್ ತಟ್ಟೆಗಳಲ್ಲಿ ಆಕೆಯ ದನಿಯಿದೆ; ಕರೂಸೋನೊಡನೆ ಹಾಡಿದ ‘ಬಟರ್‌ಫ್ಲೈ’ಯ ಯುಗಳಗೀತೆಯಿದೆ. ಆದರೆ ಆ ತಟ್ಟೆಗಳಿಗೆ ಕಣ್ಣಿಲ್ಲ. ಚಿತ್ರಗಳಲ್ಲಿ ಕೆಲವು ನಷ್ಟವಾಗಿವೆ, ಒಂದರ ತುಣುಕಷ್ಟೇ ಉಳಿದಿದೆ. ‘ಕಾರ್ಮೆನ್’, ‘ಜೋನ್’ ಮೊದಲಾದವು ಬದುಕಿವೆ. ‘ಕಾರ್ಮೆನ್’ ಚಿತ್ರಕ್ಕೆ ಅಂದು ಹೊಂದಿಸಿದ್ದ ವಾದ್ಯಸಂಗೀತವನ್ನು ಈಚಿನ ದಶಕಗಳಲ್ಲಿ ಮತ್ತೆ ಕೂಡಿಸಿ ನುಡಿಸಿದ್ದಾರೆ. ಅದಕ್ಕೂ ಗಾಯಕಿಯ ಬಾಯಿಗೂ ಸಂಬಂಧವಿಲ್ಲ. ಆ ಬಾಯಿ ಇಂದಿಗೂ ಮೂಕವೇ. ಒಂದು ಯಂತ್ರ ದನಿಯನ್ನು ಹಿಡಿಯಿತು, ಇನ್ನೊಂದು ದೇಹವನ್ನು, ಮೂರನೆಯದು ಮಾತನ್ನು. ಮೂರನ್ನೂ ಒಟ್ಟಿಗೆ ಹಿಡಿಯುವ ಯಂತ್ರ ಬರುವ ಹೊತ್ತಿಗೆ ಆಕೆ ರಂಗದಿಂದಿಳಿದಾಗಿತ್ತು. ವಾಕ್ಚಿತ್ರ ಜನಪ್ರಿಯವಾದದ್ದು 1927ರಿಂದ ಈಚೆಗೆ.

ಮುದ್ರಿಕೆಗಳನ್ನು ಕೇಳಿ, ಚಿತ್ರಗಳನ್ನು ನೋಡಿ, ಕಲಾವಿದರನ್ನು ಅರಿತೆವೆಂದು ತಿಳಿಯುವ ಅಭ್ಯಾಸ ನಮ್ಮದು. ಯಂತ್ರಗಳಿಗೆ ನಾವು ಋಣಿಗಳು, ಸಂದೇಹವಿಲ್ಲ. ಅವಿಲ್ಲದಿದ್ದರೆ ಈ ಹೆಸರೂ ನಮ್ಮವರೆಗೆ ಬರುತ್ತಿರಲಿಲ್ಲ. ಆದರೆ ಅವು ಒಪ್ಪಿಸುವುದು ಪಾಲನ್ನು ಮಾತ್ರ. ಫರಾರಳ ವಿಷಯದಲ್ಲಿ ಆ ಪಾಲುಗಳು ಬೇರೆಬೇರೆಯಾಗಿ ಬಿದ್ದಿರುವುದರಿಂದ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಎಲ್ಲವೂ ಒಟ್ಟಿಗೆ ದೊರಕುವ ಇಂದಿನ ಚಿತ್ರಗಳಲ್ಲಿ ಅದು ಕಾಣದೆ ಹೋಗಬಹುದು. ಕಾಣದ ಮಾತ್ರಕ್ಕೆ ಇಲ್ಲವೆನ್ನುವಂತಿಲ್ಲ. ಹಾಡುವವಳೂ ಕೇಳುವವನೂ ಒಂದೇ ಮಾಡಿನ ಕೆಳಗೆ, ಒಂದೇ ಹೊತ್ತಿನಲ್ಲಿ, ಒಂದೇ ಗಾಳಿಯನ್ನು ಉಸಿರಾಡುತ್ತ ಕೂಡಿದಾಗ ಹುಟ್ಟುವುದನ್ನು ಯಾವ ತಟ್ಟೆಯೂ ಯಾವ ಸುರುಳಿಯೂ ಇನ್ನೂ ಹಿಡಿದಿಲ್ಲ. ಊರಿನಲ್ಲಿ ಒಳ್ಳೆಯ ಕಚೇರಿಯೋ ನಾಟಕವೋ ನಡೆಯುವ ಸಂಜೆ ಮನೆಯಲ್ಲೇ ಕುಳಿತು ಯಂತ್ರದ ಗುಂಡಿ ತಿರುಗಿಸುವ ಮುನ್ನ ಈ ಮಾತನ್ನು ನೆನೆದು, ಚಪ್ಪಲಿ ಮೆಟ್ಟಿ ಹೊರಡುವುದು ಲೇಸು.